ಅದಿರು ಮುಗಿದ ಮೇಲೂ ಉಳಿದ ಉದ್ಯಮ: ಜರ್ಮನಿಯ ಎರ್ಟ್ಸ್‌ಗೆಬಿರ್ಗೆ

ಜರ್ಮನಿಯ ಸ್ಯಾಕ್ಸನಿ ರಾಜ್ಯದ ದಕ್ಷಿಣ ಅಂಚಿನಲ್ಲಿ, ಜೆಕ್ ಗಣರಾಜ್ಯದ ಗಡಿಯುದ್ದಕ್ಕೂ ಎರ್ಟ್ಸ್‌ಗೆಬಿರ್ಗೆ ಪರ್ವತಶ್ರೇಣಿ ಹಬ್ಬಿದೆ. ‘ಅದಿರಿನ ಬೆಟ್ಟಗಳು’ ಎಂಬುದು ಈ ಹೆಸರಿನ ಅರ್ಥ. 1168ರಲ್ಲಿ ಇಂದಿನ ಫ್ರೈಬರ್ಗ್ ನಗರದ ಬಳಿ ಬೆಳ್ಳಿಯ ಅದಿರು ದೊರೆತ ನಂತರ ಇಲ್ಲಿ ಗಣಿಪಟ್ಟಣಗಳು ತಲೆಯೆತ್ತಿದವು. ಆದರೆ ಭೂಗರ್ಭದ ಸಂಪತ್ತು ಅಕ್ಷಯವಲ್ಲ. ಗಣಿಗಳ ಆದಾಯ ಕುಗ್ಗಿದಾಗ ಅಲ್ಲಿಯ ಜನ ಅನ್ಯ ಜೀವನೋಪಾಯಗಳನ್ನು ಕಟ್ಟಿಕೊಂಡ ಬಗೆ ಸಣ್ಣ ಉದ್ದಿಮೆದಾರರಿಗೆ ಅಭ್ಯಾಸಯೋಗ್ಯವಾಗಿದೆ.

ಸೈಫೆನ್‌ನ ಮರದ ಆಟಿಕೆ

ಸೈಫೆನ್ ಗ್ರಾಮದಲ್ಲಿ ತವರದ ಗಣಿಗಾರಿಕೆ 1849ರಲ್ಲಿ ನಿಂತಿತು. ಗಣಿಯ ಆದಾಯ ಸಾಲದ ಕಾಲದಿಂದಲೇ ಅಲ್ಲಿಯವರು ಮರ ಕಡೆಯುವ ಕೆಲಸಕ್ಕೆ ತೊಡಗಿದ್ದರು. ಹಸಿ ಸ್ಪ್ರೂಸ್ ಮರದ ಬಿಲ್ಲೆಯನ್ನು ಲೇತಿನಲ್ಲಿ ಬಳೆಯಾಕಾರಕ್ಕೆ ಕಡೆದು, ಅದನ್ನು ಹೋಳುಹೋಳಾಗಿ ಸೀಳಿದರೆ ಪ್ರತಿಯೊಂದು ಹೋಳೂ ಒಂದು ಪ್ರಾಣಿಯ ಆಕಾರ ತಾಳುತ್ತದೆ. ಕುದುರೆ, ಹಸು, ಆನೆಗಳನ್ನು ಹೀಗೆ ಒಂದೇ ಬಳೆಯಿಂದ ಹತ್ತಾರು ಸಂಖ್ಯೆಯಲ್ಲಿ ಪಡೆಯುವ ಈ ವಿಧಾನ ಸೈಫೆನ್‌ನ ವೈಶಿಷ್ಟ್ಯ.

ಕೌಶಲವಿದ್ದ ಮಾತ್ರಕ್ಕೆ ಬೆಲೆ ಬರಲಿಲ್ಲ. 19ನೆಯ ಶತಮಾನದಲ್ಲಿ ಆಟಿಕೆಗಳು ಅಗ್ಗವಾಗಿ ಮಾರಾಟವಾಗುತ್ತಿದ್ದವು; ಮಕ್ಕಳೂ ಸೇರಿದಂತೆ ಇಡೀ ಕುಟುಂಬ ಅಲ್ಪ ಕೂಲಿಗೆ ದುಡಿಯಬೇಕಾಗಿತ್ತು. ಇಂದು ಅಲ್ಲಿಯ ಕುಶಲಕರ್ಮಿಗಳ ಸಂಘವು ಅಸಲಿ ಉತ್ಪನ್ನಗಳಿಗೆ ಸಾಮೂಹಿಕ ಗುರುತನ್ನು ಬಳಸುತ್ತದೆ. ಮರದ ಆಟಿಕೆ ತಯಾರಿಕೆಯು ವಿಧಿವತ್ತಾದ ತರಬೇತಿಯುಳ್ಳ ವೃತ್ತಿಯಾಗಿದೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಪ್ರವಾಸಿಗರು ಗ್ರಾಮಕ್ಕೆ ಬಂದು, ತಯಾರಿಕೆಯನ್ನು ಕಣ್ಣಾರೆ ಕಂಡು ಖರೀದಿಸುತ್ತಾರೆ.

ಗಡಿಯಾರದ ಊರು

ಗ್ಲಾಸ್‌ಹ್ಯೂಟೆ ಎಂಬ ಸಣ್ಣ ಪಟ್ಟಣದಲ್ಲಿ 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಸ್ಯಾಕ್ಸನಿ ಸರಕಾರದ ಸಾಲ ಪಡೆದು, ಸ್ಥಳೀಯ ಯುವಕರಿಗೆ ತರಬೇತಿ ಕೊಟ್ಟು ಗಡಿಯಾರ ತಯಾರಿಕೆ ಆರಂಭಿಸಿದರು. ಎರಡನೆಯ ಮಹಾಯುದ್ಧಾನಂತರ ಅವರ ವಂಶದ ಸಂಸ್ಥೆ ರಾಷ್ಟ್ರೀಕರಣಕ್ಕೆ ಒಳಗಾಯಿತು. 1990ರಲ್ಲಿ ಅವರ ಮರಿಮೊಮ್ಮಗ ವಾಲ್ಟರ್ ಲಾಂಗೆ ಅದನ್ನು ಪುನಃ ಸ್ಥಾಪಿಸಿದರು. 2022ರಲ್ಲಿ ಜಾರಿಗೆ ಬಂದ ನಿಯಮದಂತೆ, ತಯಾರಿಕೆಯ ಮೌಲ್ಯವರ್ಧನೆಯ ಅರ್ಧಕ್ಕಿಂತ ಹೆಚ್ಚು ಪಾಲು ಈ ಊರಿನಲ್ಲೇ ನಡೆದಿದ್ದರೆ ಮಾತ್ರ ಗಡಿಯಾರದ ಮೇಲೆ ‘ಗ್ಲಾಸ್‌ಹ್ಯೂಟೆ’ ಹೆಸರನ್ನು ಬಳಸಬಹುದು.

ಪ್ರವಾಸೋದ್ಯಮ

ಹಳೆಯ ಗಣಿಗಳೂ ವ್ಯರ್ಥವಾಗಿಲ್ಲ. ಜರ್ಮನಿ ಹಾಗೂ ಜೆಕ್ ಗಣರಾಜ್ಯಗಳಲ್ಲಿ ಹರಡಿರುವ ಈ ಗಣಿಪ್ರದೇಶದ 22 ತಾಣಗಳು 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1897ರಲ್ಲಿ ಆರಂಭವಾದ ಕ್ರಾನ್‌ಸಾಲ್–ಓಬರ್‌ವೀಸೆನ್‌ಟಾಲ್ ಕಿರುಹಳಿಯಲ್ಲಿ ಉಗಿಬಂಡಿ ಇಂದಿಗೂ ಪ್ರವಾಸಿಗರನ್ನು ಹೊತ್ತು ಬೆಟ್ಟವೇರುತ್ತದೆ.

ಕಚ್ಚಾವಸ್ತು ಬರಿದಾಗಬಹುದು, ಅಗ್ಗದ ಅನುಕರಣೆ ಮಾರುಕಟ್ಟೆಗೆ ಬಂದೇ ಬರುತ್ತದೆ. ಊರಿನ ಹೆಸರು, ಅದನ್ನು ಕಾಯುವ ಒಗ್ಗಟ್ಟು, ಮುಂದಿನ ಪೀಳಿಗೆಗೆ ಕ್ರಮಬದ್ಧ ಶಿಕ್ಷಣ ಇವು ಮೂರೂ ಕೂಡಿದಾಗ ಮಾತ್ರ ಕುಶಲಕರ್ಮಿಯ ಶ್ರಮಕ್ಕೆ ತಕ್ಕ ಬೆಲೆ ದೊರೆಯುತ್ತದೆ ಎಂಬುದೇ ಎರ್ಟ್ಸ್‌ಗೆಬಿರ್ಗೆಯ ಅನುಭವದ ಸಾರ.