ಅಂಕದ ಆಚೀಚೆ

ಸುಮಾ,

ನಿನ್ನ ಪ್ರಶ್ನಾವಳಿಗೆ ಆಲ್ಫಾ 0.93 ಬಂತೆಂದು ಬರೆದಿದ್ದೀಯ. ಸಂತೋಷವಾಯಿತು, ಕೊಂಚ ಅಳುಕೂ ಆಯಿತು. 'ಪರೀಕ್ಷೆಯೆಂದರೆ ಭಯ', 'ಪರೀಕ್ಷೆ ಹತ್ತಿರ ಬಂದರೆ ಹೆದರಿಕೆ', 'ಪರೀಕ್ಷೆ ನೆನೆದರೆ ಎದೆ ಡವಡವ' ಎಂದು ಕೇಳಿದ್ದನ್ನೇ ಕೇಳಿದರೆ ಮಕ್ಕಳು ಒಂದೇ ಥರ ಉತ್ತರಿಸದೆ ಇನ್ನೇನು ಮಾಡಿಯಾರು? 1951ರಲ್ಲಿ ಕ್ರಾನ್‌ಬ್ಯಾಕ್ ಬಳಕೆಗೆ ತಂದ ಈ ಆಲ್ಫಾ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನಷ್ಟೇ ಹೇಳುತ್ತದೆ. ಅಂಥವೇ ಪ್ರಶ್ನೆ ಇನ್ನೂ ಹತ್ತು ಸೇರಿಸು, ಅದೂ ಏರುತ್ತದೆ. ಇವತ್ತಿನ ಅಂಕ ಹದಿನೈದು ದಿನ ಬಿಟ್ಟು ನಿಂತೀತೇ ಎಂದು ತಿಳಿಯಲು ಅದೇ ಮಕ್ಕಳ ಬಳಿ ಮತ್ತೆ ಹೋಗಲೇಬೇಕು. ಬಿಸಿಲೆಂದು ಮೈಗಳ್ಳತನ ಮಾಡಬೇಡ ಮಗಳೇ.

ನಮ್ಮಲ್ಲಿ ಮನಸ್ಸನ್ನು ಅಳೆಯುವ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಳತೆಯ ದೋಷಕ್ಕೂ ಲೆಕ್ಕ ಕಟ್ಟಬಹುದೆಂದು 1904ರಲ್ಲೇ ತೋರಿಸಿದ ಸ್ಪಿಯರ್‌ಮನ್ನರ ಶಿಷ್ಯರು ಮೈಸೂರಿನ ಎಂ. ವಿ. ಗೋಪಾಲಸ್ವಾಮಿ. ನಿನ್ನ ಅಜ್ಜನಿಗೆ ಮಾತ್ರ ಅವರು ಆಕಾಶವಾಣಿ ಶುರುಮಾಡಿದ ದೊಡ್ಡ ಮನುಷ್ಯರು, ಅಷ್ಟೇ! ವಿ. ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು.

ನಾಳೆ ನೀನೂ ಆಸ್ಪತ್ರೆಯಲ್ಲಿ ಕೂತು ಮಕ್ಕಳ ಐಕ್ಯೂ ಅಳೆಯುವವಳು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ವಿಶ್ವಾಸಾರ್ಹತೆ 0.91 ಇರುವ ಒಳ್ಳೆಯ ಪರೀಕ್ಷೆಯನ್ನೇ ಹಿಡಿ. ಒಂದರಲ್ಲಿ ಅದನ್ನು ಕಳೆದರೆ 0.09, ವರ್ಗಮೂಲ 0.3. ಐಕ್ಯೂವಿನ ಪ್ರಮಾಣ ವಿಚಲನೆ 15, ಗುಣಿಸಿದರೆ ಅಳತೆಯ ದೋಷ 4.5. ಅದರ ಎರಡರಷ್ಟು ಆಚೀಚೆ ಬಿಟ್ಟರೆ, 69 ಪಡೆದ ಹುಡುಗನ ನಿಜವಾದ ಮಟ್ಟ ಸುಮಾರು 60ರಿಂದ 78ರೊಳಗೆ ಎಲ್ಲಾದರೂ ಇರಬಹುದು. ಬೌದ್ಧಿಕ ಅಂಗವೈಕಲ್ಯವನ್ನು ಗುರುತಿಸುವ 70ರ ಗೆರೆಯೋ, ಅದರ ನಡುವೆಯೇ ಹಾದುಹೋಗುತ್ತದೆ. ಆ ಹುಡುಗ ನಸುಕಿಗೇ ಎದ್ದು, ಎರಡು ಬಸ್ಸು ಹತ್ತಿಳಿದು, ಬೆಂಚಿನ ಮೇಲೆ ತೂಕಡಿಸಿ, ಹಸಿದ ಹೊಟ್ಟೆಯಲ್ಲೇ ನಿನ್ನೆದುರು ಕೂತಿರುತ್ತಾನೆ. ಮೊದಲು ತಿಂಡಿ ಆಯಿತೇ ಎಂದು ಕೇಳು.

ವರದಿಯಲ್ಲಿ ಬರೀ 69 ಎಂದು ಬರೆಯಬೇಡ. '69, ಸುಮಾರು 60ರಿಂದ 78ರವರೆಗೆ' ಎಂದೇ ಬರೆ. 'ಒಂದೇ ಸಂಖ್ಯೆ ಕೊಡಮ್ಮಾ, ಫಾರಮಿನಲ್ಲಿ ಜಾಗವಿಲ್ಲ' ಎನ್ನುವವರು ಇದ್ದೇ ಇರುತ್ತಾರೆ. ಅಂಚಿನಲ್ಲಾದರೂ ಬರೆ.

ಮರುಪರೀಕ್ಷೆಯ ಲೆಕ್ಕ ಬಂದೊಡನೆ ತಿಳಿಸು. 0.93ಕ್ಕಿಂತ ಇಳಿದಿದ್ದರೆ ಬೇಸರ ಬೇಡ. ಯಾವ ಪ್ರಶ್ನೆಗೆ ಮಕ್ಕಳು ಮಾತು ಬದಲಿಸಿದರೆಂದು ತಿಳಿಯಲು ನನಗೆ ಭಾರಿ ಕುತೂಹಲ.

ಇಂತಿ ನಿನ್ನ
ಅಪ್ಪ