ಬಾಸೆಲ್‌ನಿಂದ ಬಂದ ಹುಡುಗರ ಮೊದಲ ವರ್ಷಗಳು

ಧರ್ಮ ಸಾರಲೆಂದು ಕನ್ನಡ ನಾಡಿಗೆ ಬಂದ ಎಳೆಯ ವಿದೇಶಿಯರ ಆರಂಭದ ಅನುಭವಗಳು ವಿವರವಾಗಿ ಉಳಿದಿರುವುದು ಬಾಸೆಲ್ ಮಿಶನ್ನಿನ ಕಾಗದಪತ್ರಗಳಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆ ತನ್ನ ಮಿಶನರಿಗಳಿಂದ ತಪ್ಪದೆ ವರದಿ ತರಿಸಿಕೊಳ್ಳುತ್ತಿತ್ತು. ಹೀಗಾಗಿ ಗೆದ್ದ ಕಥೆಗಳ ಜೊತೆ ಸೋತ ಕಥೆಗಳೂ ಉಳಿದುಕೊಂಡಿವೆ. ಓದುಗನಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸೋತ ಕಥೆಗಳೇ.

1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಸ್ಯಾಮುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು, ಆ ತಿಂಗಳು ಮುಗಿಯುವುದರೊಳಗೆ ಮಂಗಳೂರು ಸೇರಿದರು. 1836ರ ಕೊನೆಯಲ್ಲಿ ಹರ್ಮನ್ ಮೊಗ್ಲಿಂಗ್ ಬಂದಾಗ ಅವರಿಗೆ ಇಪ್ಪತ್ತೈದು ವರ್ಷ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಇಪ್ಪತ್ತೊಂದು. ಇಂದಿನ ಲೆಕ್ಕದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುವ ವಯಸ್ಸು.

ಬೆಳಗಾವಿ ಸೀಮೆಯ ಮಮದಾಪುರ, ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳು ಬಾಸೆಲ್‌ನವರ ಪಾಲಿಗೆ ಬರಲಿಲ್ಲ. ಬೆಳಗಾವಿಯಲ್ಲಿ 1820ರಿಂದಲೇ ಲಂಡನ್ ಮಿಶನ್ ನೆಲೆಯೂರಿತ್ತು. ಒಬ್ಬರು ಕೆಲಸ ಮಾಡುವ ಸೀಮೆಗೆ ಇನ್ನೊಬ್ಬರು ಕೈಹಾಕಬಾರದೆಂಬುದು ಮಿಶನ್‌ಗಳು ತಮ್ಮತಮ್ಮಲ್ಲಿ ಪಾಲಿಸುತ್ತಿದ್ದ ಕಟ್ಟಳೆ. ಹೀಗಾಗಿ ಬಾಸೆಲ್‌ನವರು ಕರಾವಳಿಯಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಗೆ ಬಂದು ನಿಂತರು. ಆದರೆ ಮಲಪ್ರಭೆಯ ಆಚೆಗೂ ಈಚೆಗೂ ಊರಿನ ರೀತಿ ಒಂದೇ. ಅದೇ ಗೌಡ, ಅದೇ ಕುಲಕರ್ಣಿ, ಅದೇ ಚಾವಡಿ, ವಾರಕ್ಕೊಂದು ಸಂತೆ, ವರ್ಷಕ್ಕೊಂದು ಜಾತ್ರೆ. ಧಾರವಾಡದ ಮಿಶನರಿ ಕಂಡುಂಡದ್ದು ಗೋಕಾಕ ಸೀಮೆಗೂ ಒಪ್ಪುವ ಮಾತು.

ಮೊದಲ ತೊಡಕು ಭಾಷೆ. ಸೆಮಿನರಿಯಲ್ಲಿ ವರ್ಷಗಟ್ಟಲೆ ಬೈಬಲ್ಲು, ಗ್ರೀಕು, ಹೀಬ್ರೂ ಓದಿ ಬಂದವರು ಇಲ್ಲಿ ನೀರು ಕೇಳಲೂ ತಡವರಿಸಬೇಕಾಯಿತು. ಕಲಿಯುವ ಉಪಕರಣಗಳು ಇರಲಿಲ್ಲವೆಂದಲ್ಲ. ಬಳ್ಳಾರಿಯ ಲಂಡನ್ ಮಿಶನ್ನಿನಲ್ಲಿದ್ದ ಜಾನ್ ಹ್ಯಾಂಡ್ಸ್ ಮುಂದಾಳುತನದಲ್ಲಿ ಕನ್ನಡ ಬೈಬಲ್ ಸಿದ್ಧವಾಗಿತ್ತು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲೇ ಅಚ್ಚಾಗಿತ್ತು. ಪಾಠ ಹೇಳಲು ಮುನ್ಷಿಗಳು ಸಿಗುತ್ತಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಮುನ್ಷಿ ಕಲಿಸುವುದು ಪೋಥಿಯ ಕನ್ನಡ. ಸಂತೆಯಲ್ಲಿ ಕಾಯಿಪಲ್ಲೆ ಹರಡಿಕೊಂಡು ಕೂತವಳ ಕನ್ನಡ ಬೇರೆ. ಸಂಸ್ಕೃತ ತುಂಬಿದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಬಂದವನ ಮಾತು ನೇಕಾರನಿಗಾಗಲಿ ಕುರುಬನಿಗಾಗಲಿ ಹತ್ತುವುದು ಕಷ್ಟ. ಕಲಿಯುವ ಹೆಣಗಾಟ ಎಲ್ಲರಿಗೂ ಒಗ್ಗಲೂ ಇಲ್ಲ. ಹೆಬಿಕ್ ಮುಂದೆ ಕಣ್ಣೂರಿಗೆ ಹೋಗಿ ದೊಡ್ಡ ಹೆಸರು ಮಾಡಿದರೂ ಕೊನೆತನಕ ದುಭಾಷಿಯನ್ನು ನೆಚ್ಚಿಕೊಂಡೇ ಬೋಧಿಸಿದರು. ತಳಿಪರಂಬ, ಪಯ್ಯಾವೂರಿನ ಜಾತ್ರೆಗಳಲ್ಲಿ ಜನ ಅವರ ಮೇಲೆ ಮಣ್ಣೆರಚಿದರು. ಮರುವರ್ಷವೂ ಅವರು ಅದೇ ಜಾತ್ರೆಗೆ ಹೋದರು. ಇದನ್ನು ಛಲವೆನ್ನಬಹುದು, ಕಲಿಯಲೊಲ್ಲದ ಹಟವೆಂದರೂ ಸುಳ್ಳಾಗದು.

ಎರಡನೆಯ ತೊಡಕು ಮೈಬಣ್ಣ. ಮೊಗ್ಲಿಂಗ್ ಬಂದಿಳಿದು ಕೆಲವೇ ತಿಂಗಳಾಗಿತ್ತು. 1837ರ ಏಪ್ರಿಲಿನಲ್ಲಿ ಸುಳ್ಯ ಸೀಮೆಯಿಂದ ಎದ್ದ ಕಲ್ಯಾಣಪ್ಪನ ದಂಡು ಮಂಗಳೂರನ್ನೇ ಹಿಡಿಯಿತು, ಕಂಪನಿಯ ಕಚೇರಿಗಳಿಗೆ ಬೆಂಕಿ ಬಿತ್ತು. ದಂಗೆ ಎದ್ದ ರೈತನ ಕಣ್ಣಿಗೆ ಕಲೆಕ್ಟರನೂ ಪಾದ್ರಿಯೂ ಒಂದೇ ಟೊಪ್ಪಿಗೆಯವರು. ‘ನಾನು ಜರ್ಮನ್, ಸರಕಾರದವನಲ್ಲ’ ಎಂದರೆ ಅದು ತಿಳಿಯುವವರು ಎಷ್ಟು ಜನ? ಮಿಶನರಿಗೆ ಮನೆ ಹುಡುಕಿಕೊಡುವವನು, ಶಾಲೆಗೆ ಹಣ ಕೊಡುವವನು ಕಂಪನಿಯ ಅಧಿಕಾರಿಯೇ ಆಗಿದ್ದುದರಿಂದ ಜನರ ಗುಮಾನಿಯಲ್ಲಿ ಹುರುಳಿಲ್ಲವೆನ್ನಲೂ ಆಗದು.

ಎಲ್ಲಕ್ಕಿಂತ ಕಟುವಾದ ಪಾಠ ಸಿಕ್ಕದ್ದು ಕಾಲಜ್ಞಾನಿಗಳ ಪ್ರಕರಣದಲ್ಲಿ. 1839–40ರ ಸುಮಾರಿಗೆ ಧಾರವಾಡ–ಹುಬ್ಬಳ್ಳಿ ಕಡೆ ಕಾಲಜ್ಞಾನದ ಓಲೆಗಳನ್ನು ನಂಬುವ ಪಂಥದ ಜನ ಮಿಶನರಿಗಳ ಹತ್ತಿರ ಬಂದರು. ಹೊರನಾಡಿನ ಗುರುಗಳು ಬರುತ್ತಾರೆ, ಹೊಸ ಕಾಲ ಶುರುವಾಗುತ್ತದೆ ಎಂದು ತಮ್ಮ ಓಲೆಗಳಲ್ಲಿ ಬರೆದಿದೆ, ಆ ಗುರುಗಳು ನೀವೇ ಇರಬೇಕು ಎಂಬ ಧಾಟಿಯಲ್ಲಿ ಮಾತಾಡಿದರು. ಬೋಧಿಸಿ ಬೋಧಿಸಿ ಒಬ್ಬನೂ ಹತ್ತಿರ ಸುಳಿಯದೆ ಬೇಸತ್ತಿದ್ದ ಯುವಕರಿಗೆ ಇದು ಆಕಾಶವಾಣಿಯಂತೆ ಕೇಳಿಸಿತು. ಸಾವಿರಾರು ಮಂದಿ ಒಟ್ಟಿಗೆ ಬರುತ್ತಾರೆಂಬ ಸುದ್ದಿ ಬಾಸೆಲ್ ತನಕ ಹೋಯಿತು. ಬಂದವರು ನೆಲೆಯೂರಿ ಹೊಲ ಮಾಡಿಕೊಂಡಿರಲೆಂದು ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತನ್ನೇ ತೆರೆದರು. ಆ ಸಾವಿರಾರು ಮಂದಿ ಬರಲಿಲ್ಲ.

ಆ ಜನ ಮೋಸ ಮಾಡಿದರೆಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ನಡೆದದ್ದು ಬೇರೆ. ಬಂದವರು ತಮ್ಮ ಹಳೆಯ ಕಥೆಯಲ್ಲಿ ಮಿಶನರಿಗೊಂದು ಪಾತ್ರ ಕೊಟ್ಟಿದ್ದರು. ಮಿಶನರಿಗಳು ತಮ್ಮ ಕಥೆಯಲ್ಲಿ ಅವರಿಗೊಂದು ಪಾತ್ರ ಕೊಟ್ಟರು. ಎರಡೂ ಕಥೆ ಕೂಡಲಿಲ್ಲ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಚಾವಡಿಗೆ ಬಂದ ಪರಸ್ಥಳದವನು ದೇವರ ಮಾತು ಹೇಳಿದರೆ ಹಿರಿಯರು ತಲೆದೂಗಿ ‘ಹೌದ್ರೀ, ಖರೇ ಮಾತು’ ಅನ್ನುತ್ತಾರೆ. ಅದು ಬಂದವರಿಗೆ ತೋರುವ ಮರ್ಯಾದೆ. ಆಮೇಲೆ ನೀರು ಕೊಡುತ್ತಾರೆ, ರೊಟ್ಟಿಯನ್ನೂ ಕೊಡುತ್ತಾರೆ, ಸಂಜೆಗೆ ಎಂದಿನಂತೆ ಗುಡಿಗೆ ಹೋಗುತ್ತಾರೆ. ‘ಎಲ್ಲ ದೇವರೂ ಒಂದೇ ಅಲ್ಲೇನ್ರಿ’ ಎಂಬ ಒಂದು ಮಾತಿನ ಎದುರು ಸೆಮಿನರಿಯ ತರ್ಕವೆಲ್ಲ ಹುಸಿಹೋಗುತ್ತಿತ್ತು. ಎದುರಾಡಿದವನ ಜೊತೆ ವಾದ ಹೂಡಬಹುದು, ಒಪ್ಪಿಕೊಂಡೇ ಎದ್ದುಹೋದವನ ಜೊತೆ ಏನು ಮಾಡುವುದು?

ಮತಾಂತರವಾದವರ ಕಥೆ ಇನ್ನೂ ಬಿಗಿಯಾದದ್ದು. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಗೆಳೆಯರೊಡನೆ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಮನೆ, ಹೆಂಡತಿ, ಆಸ್ತಿ, ಜಾತಿ ಎಲ್ಲವೂ ಒಂದೇ ದಿನದಲ್ಲಿ ಕೈಬಿಡುವ ಸ್ಥಿತಿ. ಬಡವರಾದರೆ ಕಸುಬೇ ಹೋಯಿತು. ಬಾಸೆಲ್‌ನ ಕಮಿಟಿಗೆ ಇದು ತಲೆಗೆ ಹತ್ತಲು ಕಾಲ ಹಿಡಿಯಿತು. ಹತ್ತಿದ ಮೇಲೆ ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎದ್ದವು. ಮಂಗಳೂರು ಹೆಂಚಿನ ಹಿಂದೆ ಇರುವುದು ಈ ಅನ್ನದ ಪ್ರಶ್ನೆ.

ಬೋಧನೆ ಸಾಗದ ಕಡೆ ಬರವಣಿಗೆ ಸಾಗಿತು. ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ, ಒಂದು ದುಡ್ಡಿನ ಬೆಲೆಗೆ ಬರುತ್ತಿದ್ದ ಕನ್ನಡದ ಮೊದಲ ಪತ್ರಿಕೆಯಿದು. ಊರ ವರ್ತಮಾನ, ಸರಕಾರದ ಕಾನೂನು, ಬೇರೆ ರಾಜ್ಯಗಳ ಸುದ್ದಿ, ಗಾದೆ, ಕಥೆ ಅದರಲ್ಲಿ ಬರುತ್ತಿದ್ದವು. ಜನ ಏನನ್ನು ಕೇಳಲು ಒಲ್ಲರು, ಏನನ್ನು ಓದಲು ಇಷ್ಟಪಡುತ್ತಾರೆ ಎಂಬುದು ಸಂತೆಯಲ್ಲಿ ನಿಂತವನಿಗೆ ಗೊತ್ತಾಗಿರಲೇಬೇಕು. ಕಿಟ್ಟೆಲ್ ಇನ್ನೂ ಮುಂದೆ ಹೋದರು. ಕನ್ನಡಿಗರ ಕಿವಿ ಪ್ರವಚನಕ್ಕಿಂತ ಹಾಡಿಗೆ ಬೇಗ ಒಲಿಯುತ್ತದೆಂದು ಕಂಡು, ಯೇಸುವಿನ ಚರಿತ್ರೆಯನ್ನೇ ಕನ್ನಡದ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ ‘ಕಥಾಮಾಲೆ’ ತಂದರು.

ಕಮಿಟಿಯ ಹಿಡಿತವೂ ಕಡಿಮೆಯದಲ್ಲ. ಹೊಸಬ ಕನಿಷ್ಠ ಎರಡು ವರ್ಷ ಕಳೆಯುವವರೆಗೆ ಮದುವೆಯ ಮಾತೆತ್ತುವಂತಿರಲಿಲ್ಲ. ಆಮೇಲೂ ಕಮಿಟಿ ಒಪ್ಪಬೇಕು. ಎಷ್ಟೋ ಸಲ ವಧುವನ್ನು ಅಲ್ಲಿಂದಲೇ ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದರು. ಈ ಶಿಸ್ತು ಇಂದಿಗೂ ಬೇರೊಂದು ರೂಪದಲ್ಲಿ ಉಂಟು. ಅಮೆರಿಕದಲ್ಲಿ 1830ರಲ್ಲಿ ಹುಟ್ಟಿದ ಮಾರ್ಮನ್ ಸಭೆಯ ಹುಡುಗರು ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಮಿಶನ್‌ಗೆ ಹೋಗುತ್ತಾರೆ. ಇಬ್ಬಿಬ್ಬರ ಜೋಡಿ, ಬೆಳಗಿನಿಂದ ರಾತ್ರಿಯವರೆಗೆ ಗೊತ್ತುಪಡಿಸಿದ ದಿನಚರಿ. 2019ರ ತನಕ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶವಿತ್ತು, ಈಗ ವಾರಕ್ಕೊಮ್ಮೆ ಆಗಿದೆ. ಈ ಸಭೆಯ ಬೆಂಗಳೂರು ಮಿಶನ್ 1993ರಲ್ಲಿ ಶುರುವಾಯಿತು. ಎರಡು ಕಡೆಯೂ ಮನೆಯ ನೆನಪು, ಮುಚ್ಚಿದ ಬಾಗಿಲು, ನಾಲಿಗೆ ತಿರುಗದ ಭಾಷೆ ಒಂದೇ. ವ್ಯತ್ಯಾಸ ಅವಧಿಯದು. ಮಾರ್ಮನ್ ಹುಡುಗ ಭಾಷೆ ಹಿಡಿತಕ್ಕೆ ಬರುವ ಹೊತ್ತಿಗೆ ಊರಿಗೆ ಮರಳುತ್ತಾನೆ. ಬಾಸೆಲ್‌ನವನು ಹೆಚ್ಚುಕಡಿಮೆ ಬಾಳೆಲ್ಲ ಇಲ್ಲೇ ಕಳೆಯಬೇಕೆಂದು ಬರುತ್ತಿದ್ದ. ಕೆಲವರು ಇಲ್ಲೇ ಮಣ್ಣಾದರು. ಕಿಟ್ಟೆಲ್ ಅವರ ಮೊದಲ ಹೆಂಡತಿ ಪೌಲಿನ 1864ರಲ್ಲಿ ತೀರಿಕೊಂಡರು.

ಕಿಟ್ಟೆಲ್ ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರೆಂದು ಇಂದು ಯಾರೂ ಕೇಳುವುದಿಲ್ಲ. ಓಡಾಡುವಾಗ ಕಿವಿಗೆ ಬಿದ್ದದ್ದು, ಓಲೆಗರಿಯಲ್ಲಿ ಕಂಡದ್ದು, ಪಂಡಿತರಿಂದ ಕೇಳಿ ತಿಳಿದದ್ದು ಎಲ್ಲ ಸೇರಿ 1894ರಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, ಜೊತೆಗೆ ಲೆಕ್ಕವಿಲ್ಲದಷ್ಟು ಗಾದೆಗಳು. ಪದ ಎಲ್ಲಿಯದೆಂದು ಹೇಳಲು ಅವರು ಸಣ್ಣ ಗುರುತುಗಳನ್ನು ಬಳಸಿದ್ದಾರೆ. ಅವುಗಳಲ್ಲಿ ಒಂದು ದಕ್ಷಿಣ ಮರಾಠಾ ಸೀಮೆಯದು; ಅಂದರೆ ಆ ಕಾಲದವರು ಧಾರವಾಡ, ಬೆಳಗಾವಿ ಕಡೆಗೆ ಇಟ್ಟಿದ್ದ ಹೆಸರು. ಮಮದಾಪುರದ ಕಡೆಯ ಓದುಗರು ಆ ನಿಘಂಟು ಕೈಗೆ ಸಿಕ್ಕಾಗ ಈ ಗುರುತಿನ ಪದಗಳನ್ನು ಹುಡುಕಿ, ಮನೆಯ ಹಿರಿಯರ ಮುಂದೆ ಓದಿ ನೋಡಬೇಕು.