ಹೊಗೆ ಕಾಣ್ತದೆ, ಇದು ಕಾಣೋದಿಲ್ಲ

ಮಳೆಗಾಲದಲ್ಲಿ ಹಸಿ ಕಟ್ಟಿಗೆ ಒಲೆಗಿಟ್ಟರೆ ಕಣ್ಣು ಉರೀತದೆ, ಕೆಮ್ಮು ಬರ್ತದೆ. ನಾವೇ ಎದ್ದು ಹೊರಗೆ ಬರುತ್ತೇವೆ. ಆದರೆ ಗರಟೆಯ ಕೆಂಡ ನಿಗಿನಿಗಿ ಇರುವಾಗ ಹೊಗೆ ಇರುವುದಿಲ್ಲ. ಅದಕ್ಕೇ ಬಾಳಂತಿ ಕೋಣೆಯಲ್ಲಿ ಕೆಂಡದ ಮಡಕೆ ಇಟ್ಟು, ಗಾಳಿ ತಾಗಬಾರದೆಂದು ಕಿಟಕಿ ಮುಚ್ಚುತ್ತಾರೆ. ಅಪಾಯ ಇರುವುದು ಇಲ್ಲಿಯೇ.

ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಎರಡು ಪರಮಾಣು ಸಿಕ್ಕರೆ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಒಂದೇ ಸಿಕ್ಕರೆ ಇಂಗಾಲದ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ, ನಿದ್ದೆ. ಮಲಗಿದವರಿಗೆ ಏನೂ ತಿಳಿಯುವುದೇ ಇಲ್ಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟೋ ಸಲ ಬಂದಿದೆ.

ಇದನ್ನು ಕಂಡುಹಿಡಿಯಲು ಗೋಡೆಗೆ ಹಾಕುವ ಒಂದು ಚಿಕ್ಕ ಯಂತ್ರ ಇದೆ. ಹೊಗೆ ಹಿಡಿಯುವ ಯಂತ್ರ ಬೇರೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಗಲ್ಫಿನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರನ್ನು ಕೇಳಿ ನೋಡಿ, ಮಾಡಿಗೆ ಅಂಟಿಸಿದ ಬಿಳಿ ಡಬ್ಬಿಯ ವಿಷಯ ಹೇಳುತ್ತಾರೆ. ಬಿಸಿ ಹೊಗೆ ಮೇಲಕ್ಕೇರುವುದರಿಂದ ಅದರ ಜಾಗ ಮಾಡು. ಮೊನಾಕ್ಸೈಡ್ ಗಾಳಿಯಷ್ಟೇ ಹಗುರ, ಕೋಣೆಯ ಗಾಳಿಯಲ್ಲಿ ಬೆರೆಯುತ್ತದೆ. ಆದ್ದರಿಂದ ಆ ಯಂತ್ರ ಮಲಗುವ ಕಡೆ ಇರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೇ ಹರಡುತ್ತದೆ. ಅದರ ಯಂತ್ರ ಕೆಳಗಡೆ. ಕಟ್ಟಿಗೆ ಒಲೆಯ ಹತ್ತಿರ ಹೊಗೆಯ ಯಂತ್ರ ಹಾಕಿದರೆ ದಿನಾ ಮೂರು ಹೊತ್ತು ಕೂಗ್ತದೆ, ಕಡೆಗೆ ಯಾರಾದರೂ ಸೆಲ್ ಕಿತ್ತು ಟಾರ್ಚಿಗೆ ಹಾಕ್ತಾರೆ!

ತಿಂಗಳಿಗೊಮ್ಮೆ ಗುಂಡಿ ಒತ್ತಿ ಶಬ್ದ ಬರ್ತದೋ ನೋಡಬೇಕು. ಆಗಾಗ ಒಂದೊಂದೇ 'ಚಿಕ್' ಅಂದರೆ ಸೆಲ್ ಮುಗಿಯಿತು ಅಂತ. ಧೂಳು, ಜೇಡರ ಬಲೆ ಒಣಬಟ್ಟೆಯಿಂದ ಒರೆಸಬೇಕು, ನೀರು ತಾಗಿಸಬಾರದು. ಎಷ್ಟು ಚೆನ್ನಾಗಿಟ್ಟರೂ ಒಳಗಿನ ಭಾಗಕ್ಕೆ ಆಯುಷ್ಯ ಇದೆ. ಹೊಗೆಯದ್ದಕ್ಕೆ 10 ವರ್ಷ, ಮೊನಾಕ್ಸೈಡಿನದ್ದಕ್ಕೆ ಸಾಮಾನ್ಯವಾಗಿ 5ರಿಂದ 10 ವರ್ಷ. ತಾರೀಕು ಹಿಂಬದಿಯಲ್ಲಿರುತ್ತದೆ. ಅದು ದಾಟಿದ ಮೇಲೆ ಗುಂಡಿ ಒತ್ತಿದಾಗ ಕೂಗಿದರೂ ನಂಬಬಾರದು. ಗುಂಡಿ ತೋರಿಸುವುದು ಸೆಲ್ ಮತ್ತು ಗಂಟೆಯನ್ನು, ಗಾಳಿ ಪರೀಕ್ಷಿಸುವ ಭಾಗವನ್ನಲ್ಲ.

ಯಂತ್ರ ಇಲ್ಲದ ಮನೆಯಲ್ಲೂ ನೋಡುವುದು ಬಹಳ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಹೊಗೆ ಕೊಳವೆಯ ಒಲೆ ಮಾಡಿದರು. ಅದರ ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಒಳಗೇ ತಿರುಗುತ್ತದೆ, ಆಗಾಗ ಕೆರೆಯಲೇಬೇಕು. ಗ್ಯಾಸಿನ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ವರ್ಷ ಪೈಪಿನ ಮೇಲೇ ಇರುತ್ತದೆ.

ಕೆಂಡದ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು ಬಂದರೆ ಜ್ವರ, ಪಿತ್ತ ಅಂತ ಕಾಯಬೇಡಿ. ಬಾಗಿಲು ತೆರೆದು ಬಾಳಂತಿ, ಮಗುವನ್ನು ಮೊದಲು ಹೊರಗೆ ತನ್ನಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ.